ಮೂರನೆಯ ಪ್ಯಾಕೆಟ್

ಎಂಬಿಎ ಕೊನೆಯ ಸೆಮಿಸ್ಟರಿನಲ್ಲಿದ್ದಾಗ ನಡೆದ ಘಟನೆ ಇದು. ಈಗ ಅದಕ್ಕೆ ನಾಲ್ಕು ವರ್ಷ. ಹೊಸಪೇಟೆಯ ಕಾಲೇಜೊಂದರಲ್ಲಿ ನಾನು ಮಾರ್ಕೆಟಿಂಗ್ ತೆಗೆದುಕೊಂಡಿದ್ದೆ. ಕೊನೆಯ ಸೆಮಿಸ್ಟರ್ ಎಂದರೆ ತರಗತಿ ಕಡಿಮೆ, ಪ್ರಾಜೆಕ್ಟ್ ಹೆಚ್ಚು. ಒಂದು ಕಂಪನಿಯಲ್ಲಿ ಎಂಟು ವಾರ ಕೆಲಸ ಮಾಡಿ, ಅಲ್ಲಿನ ಒಂದು ಸಮಸ್ಯೆಯನ್ನು ಹಿಡಿದು, ಸಮೀಕ್ಷೆ ನಡೆಸಿ, ವರದಿ ಬರೆದು, ವೈವಾದಲ್ಲಿ ಪರೀಕ್ಷಕರ ಮುಂದೆ ಒಪ್ಪಿಸಬೇಕು. ಗೆಳತಿಯರು ಹಂಪಿಯ ಸುತ್ತಲಿನ ರೆಸಾರ್ಟುಗಳಿಗೆ, ಸಂಡೂರಿನ ಬೈಕ್ ಶೋರೂಮಿಗೆ ಸೇರಿಕೊಂಡರು. ನನಗೆ ಸಿಕ್ಕಿದ್ದು ಕೀಟನಾಶಕ ಮಾರುವ ಒಂದು ಸಣ್ಣ ಕಂಪನಿ. ಅದರ ಹೆಸರು ಇಲ್ಲಿ ಬೇಡ.

ನಮ್ಮದು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಎರಡು ಕೋಣೆಯ ಮನೆ. ಅಪ್ಪ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಮನೆಯಲ್ಲಿ ಡಿಗ್ರಿ ದಾಟಿದವಳು ನಾನೊಬ್ಬಳೇ. ಪ್ರಾಜೆಕ್ಟ್ ಚೆನ್ನಾಗಿ ಮಾಡಿದರೆ ಕೆಲಸ ಕೊಡುವುದಾಗಿ ಕಂಪನಿಯ ಏರಿಯಾ ಮ್ಯಾನೇಜರ್ ಕಿರಣ್ ಸರ್ ಮೊದಲ ದಿನವೇ ಹೇಳಿದ್ದರು. ಆ ಮಾತನ್ನು ನಾನು ಮನೆಯಲ್ಲಿ ಹೇಳಿದೆ, ಅವ್ವ ಓಣಿಯಲ್ಲಿ ಹೇಳಿದಳು. ಅಲ್ಲಿಂದ ಅದು ನನ್ನೊಬ್ಬಳ ಮಾತಾಗಿ ಉಳಿಯಲಿಲ್ಲ.

ನನಗೆ ಕೊಟ್ಟ ಸಮಸ್ಯೆ ಸರಳವಾಗಿತ್ತು. ಕಂಪ್ಲಿಯ ಸುತ್ತ ಕಾಲುವೆ ನೀರಿನ ಭತ್ತದ ಗದ್ದೆಗಳು. ಕಂಪನಿಯ ಪುಡಿ ಔಷಧ ನೂರು ಗ್ರಾಮಿನ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ರೈತರು ಅದನ್ನು ಅಂದಾಜಿನ ಮೇಲೆ ಬೆನ್ನಿಗೇರಿಸುವ ಸಿಂಪಡಣೆಯ ಪಂಪಿಗೆ ಸುರಿಯುತ್ತಿದ್ದರು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಕಡಿಮೆ ಬಿದ್ದರೆ ಹುಳ ಸಾಯುವುದಿಲ್ಲ, ಹೆಸರು ಕಂಪನಿಯದು ಕೆಡುತ್ತದೆ. ತರಗತಿಯಲ್ಲಿ ನಾವು ಶ್ಯಾಂಪೂ ಸ್ಯಾಶೆಯ ಪಾಠ ಓದಿದ್ದೆವು. ದೊಡ್ಡ ಬಾಟಲಿ ಕೊಳ್ಳದವರೂ ಒಂದು ಸಲಕ್ಕೆ ಸಾಕಾಗುವ ಪುಟ್ಟ ಪ್ಯಾಕೆಟ್ ಕೊಳ್ಳುತ್ತಾರೆ. ನನ್ನ ತಲೆಯಲ್ಲಿ ದೀಪ ಹತ್ತಿತು. ಒಂದು ಪಂಪಿಗೆ ಒಂದು ಪ್ಯಾಕೆಟ್. ಅಳೆಯುವುದೂ ಬೇಡ, ಉಳಿಯುವುದೂ ಇಲ್ಲ.

ಕಿರಣ್ ಸರ್‌ಗೆ ಹಿಡಿಸಿತು. ಮೊದಲು ರೈತರ ಸಮೀಕ್ಷೆ ಮಾಡು ಎಂದರು.

ನಾನು ಹದಿನೇಳು ಪ್ರಶ್ನೆ ಬರೆದೆ. ನನ್ನ ಗೈಡ್ ಮೇಡಂ ನೋಡಿ, ‘ಒಂದೇ ಪುಟಕ್ಕೆ ತನ್ನಿ, ಅಷ್ಟುದ್ದಕ್ಕೆ ಯಾರು ಉತ್ತರ ಕೊಡುತ್ತಾರೆ’ ಎಂದರು. ಐದು ಪ್ರಶ್ನೆ ಹೋಗಬೇಕಿತ್ತು. ಯಾವುದು ಹೋಗಬೇಕೆಂದು ಆರಿಸಿದವಳು ನಾನೇ. ಹನ್ನೊಂದನೆಯ ಪ್ರಶ್ನೆ ಹೀಗಿತ್ತು: ‘ಪ್ಯಾಕೆಟ್ಟನ್ನು ಯಾರು, ಹೇಗೆ ಒಡೆಯುತ್ತಾರೆ?’ ಇದೊಂದು ಪ್ರಶ್ನೆಯೇ ಎನ್ನಿಸಿತು. ಪ್ಯಾಕೆಟ್ ಒಡೆಯುವುದರಲ್ಲಿ ಕೇಳುವುದೇನಿದೆ? ಪೆನ್ನಿನಿಂದ ಅಡ್ಡಗೆರೆ ಎಳೆದೆ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಗೆರೆ ನೇರವಾಗಿದೆ, ಸ್ಕೇಲ್ ಇಟ್ಟು ಎಳೆದದ್ದು.

ಸಮೀಕ್ಷೆ ನಡೆದದ್ದು ಕಂಪ್ಲಿಯ ಚಹಾ ಅಂಗಡಿಗಳಲ್ಲಿ, ಔಷಧ ಅಂಗಡಿಗಳ ಮುಂದಿನ ಬೆಂಚುಗಳಲ್ಲಿ. ಉತ್ತರ ಕೊಟ್ಟವರೆಲ್ಲ ಗಂಡಸರು. ಬೆಲೆ ಎಷ್ಟಿರಬೇಕು, ಬಣ್ಣ ಯಾವುದು, ಯಾವ ಅಂಗಡಿಯಲ್ಲಿ ಕೊಳ್ಳುತ್ತೀರಿ ಎಂದು ಕೇಳಿದೆ. ಕೊಳ್ಳುವವರು ಅವರೇ ಆದ್ದರಿಂದ ಅವರನ್ನು ಕೇಳಿದರೆ ಸಾಕೆಂದುಕೊಂಡೆ. ಕೊಳ್ಳುವವನು ಬೇರೆ, ಬಳಸುವವನು ಬೇರೆ ಇರಬಹುದು ಎಂಬುದು ಮಾರ್ಕೆಟಿಂಗಿನ ಮೊದಲ ಪಾಠಗಳಲ್ಲೊಂದು. ಆ ಪಾಠಕ್ಕೆ ಮೊದಲ ಸೆಮಿಸ್ಟರಿನಲ್ಲಿ ನಾನು ಹತ್ತಕ್ಕೆ ಒಂಬತ್ತು ತೆಗೆದುಕೊಂಡಿದ್ದೆ.

ಕಂಪನಿಯ ಡಿಪೋದಲ್ಲಿ ಇನ್ನೂರು ಪ್ರಾಯೋಗಿಕ ಪ್ಯಾಕೆಟ್ ತಯಾರಾದವು. ದೊಡ್ಡ ಪ್ಯಾಕೆಟ್ಟಿನ ಪುಡಿಯನ್ನೇ ತೂಗಿ, ಹಸಿರು ಬಣ್ಣದ ಪುಟ್ಟ ಫಾಯಿಲ್ ಕವರಿಗೆ ತುಂಬಿ, ಯಂತ್ರದಲ್ಲಿ ಅಂಚು ಒತ್ತಿದ್ದು. ಮುಂದುಗಡೆ ಭತ್ತದ ತೆನೆ, ದೊಡ್ಡಕ್ಷರದಲ್ಲಿ ಹೆಸರು. ಹಿಂದುಗಡೆ ಒಂದು ಕ್ಯೂಆರ್ ಕೋಡ್. ಎಷ್ಟು ಜನ ಸ್ಕ್ಯಾನ್ ಮಾಡುತ್ತಾರೆಂದು ಎಣಿಸುವ ಆಸೆ ನನ್ನದು. ಸಾಗಿಸುವಾಗ ಸೋರಬಾರದೆಂದು ಅಂಚನ್ನು ಎರಡು ಸಲ ಒತ್ತಿಸಲಾಯಿತು. ಹರಿಯಲು ಅನುಕೂಲವಾಗುವಂತೆ ಮೂಲೆಯಲ್ಲಿ ಪುಟ್ಟ ಕಚ್ಚು ಇರುತ್ತದಲ್ಲ, ಅದು ಇರಲಿಲ್ಲ. ಅದು ಬೇಕೆಂದು ಯಾರೂ ಕೇಳಲಿಲ್ಲ. ಇಂಥ ಮರುಪ್ಯಾಕಿಂಗಿಗೆ ಅನುಮತಿ ಬೇಕು ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಎಂಟು ರೈತರಿಗೆ ಇಪ್ಪತ್ತೈದರಂತೆ ಹಂಚಿದೆ. ಅವರಲ್ಲಿ ಪಂಪಾಪತಿ ಎಂಬವರು ಮಾತುಗಾರರು, ನಗುಮುಖದವರು. ವರದಿಗೆ ಫೋಟೊ, ಕಿರಣ್ ಸರ್‌ಗೆ ಒಂದು ವಿಡಿಯೊ ಬೇಕಿತ್ತು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ಕಂಪ್ಲಿಗೆ ಹೋಗಿ, ಅಲ್ಲಿಂದ ಆರು ಕಿಲೋಮೀಟರ್ ದೂರದ ಅವರ ಗದ್ದೆಗೆ ಆಟೊ ಹಿಡಿದೆ.

ಅಲ್ಲಿ ನೋಡಿದ್ದು ನನಗೆ ಹೊಸದು. ಪಂಪನ್ನು ಬೆನ್ನಿಗೇರಿಸಿ ಎಣ್ಣೆ ಹೊಡೆಯುವವರು ಪಂಪಾಪತಿ. ಆ ಕಡೆ ಔಷಧಕ್ಕೆ ಎಣ್ಣೆ ಎಂದೇ ಹೇಳುತ್ತಾರೆ. ಆದರೆ ಕಾಲುವೆಯಿಂದ ನೀರು ತರುವವಳು, ಬಕೆಟ್ಟಿನಲ್ಲಿ ಔಷಧ ಕಲಸುವವಳು, ಪಂಪಿಗೆ ಸೋಸಿ ಹಾಕುವವಳು ಕೂಲಿಗೆ ಬಂದ ಹುಲಿಗೆಮ್ಮ. ಸುಮಾರು ನಲವತ್ತೈದರ ಹೆಂಗಸು, ಮೊಣಕಾಲಿನ ತನಕ ಕೆಸರು, ಕೆನ್ನೆಯಲ್ಲಿ ಎಲೆ ಅಡಿಕೆ ತಂಬಾಕು. ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ ಕೇಳಿದಳು.

“ಯಾವೂರವ್ವ ತಂಗಿ? ಬಿಳೇ ಬೂಟು ಹಾಕ್ಕೊಂಡು ಗದ್ದಿಗೆ ಬಂದೀಯಲ್ಲ!”

“ಹೊಸಪೇಟಿ ಅಕ್ಕಾ, ಚಿತ್ತವಾಡ್ಗಿ.”

“ನಮ್ಮ ಪಂಪಣ್ಣನ ಸಿನಿಮಾ ತೆಗೀತೀ ಏನು? ಅವನ ಮಾರಿ ನೋಡಿ ಹುಳ ಸಾಯಬೇಕು, ಎಣ್ಣಿ ಯಾಕ ಬೇಕು?”

“ಏ ಹುಲಿಗೆವ್ವ, ಮೊದ್ಲು ನೀರು ತಾ,” ಎಂದು ಪಂಪಾಪತಿ ನಕ್ಕರು.

ನಾನು ಫೋನ್ ಹಿಡಿದೆ. ಅವಳು ಪ್ಯಾಕೆಟ್ ಎತ್ತಿಕೊಂಡಳು. ಕೈ ತುಂಬ ಕೆಸರು, ನೀರು. ಬೆರಳಿನಿಂದ ಹರಿಯಲು ಹೋದಳು, ಫಾಯಿಲ್ ಜಾರಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಹೋದಳು, ಮತ್ತೆ ಜಾರಿತು. ಆಗ ಅವಳು ಮೂಲೆಯನ್ನು ದವಡೆ ಹಲ್ಲಿಗೆ ಕೊಟ್ಟು, ತಲೆ ಒಂದು ಬದಿಗೆ ವಾಲಿಸಿ ಚರ್ರನೆ ಹರಿದಳು. ಹರಿದ ಚೂರನ್ನು ಬದುವಿಗೆ ಉಗಿದು ಪುಡಿಯನ್ನು ಬಕೆಟ್ಟಿಗೆ ಸುರಿದಳು. ಎರಡನೆಯದನ್ನೂ ಹಾಗೆಯೇ. ನಮ್ಮ ಮನೆಯಲ್ಲೂ ಶ್ಯಾಂಪೂ, ಹಾಲಿನ ಪ್ಯಾಕೆಟ್, ಉಪ್ಪಿನಕಾಯಿಯ ಕವರು ಎಲ್ಲವನ್ನೂ ಹರಿಯುವುದು ಹೀಗೆಯೇ. ನನಗೆ ಅದು ವಿಚಿತ್ರ ಎನ್ನಿಸಲೇ ಇಲ್ಲ. ನಿಜ ಹೇಳಬೇಕೆಂದರೆ, ಎಷ್ಟು ಸಹಜವಾಗಿ ಬಂದಿದೆ, ಕಿರಣ್ ಸರ್‌ಗೆ ಇಷ್ಟವಾಗುತ್ತದೆ ಎಂದುಕೊಂಡೆ.

ರೆಕಾರ್ಡಿಂಗ್ ನಿಲ್ಲಿಸದೆಯೇ ಗಮನಿಸಿದೆ. ಹರಿಯುವಾಗ ಅವಳ ಕೈ ಅಡ್ಡ ಬಂದು ಔಷಧದ ಹೆಸರು ಮುಚ್ಚಿಹೋಗಿತ್ತು.

“ಅಕ್ಕಾ, ಇನ್ನೊಂದು ಸಲ ಮಾಡ್ರಿ. ಹೆಸರು ಕಾಣಲಿ, ಈ ಕಡಿ ತಿರುಗ್ರಿ.”

“ಎರಡು ಪಂಪಿಗೆ ಎರಡು ಸಾಕಲ್ಲವ್ವ?”

“ಇದೊಂದು ನನಗೋಸ್ಕರ.”

ಅವಳು ಮೂರನೆಯ ಪ್ಯಾಕೆಟ್ ಎತ್ತಿಕೊಂಡು, ಹೆಸರು ನನ್ನ ಕಡೆ ಮಾಡಿ ಹಿಡಿದು, ಕಚ್ಚಿ ಎಳೆದಳು. ಅಂಚು ಗಟ್ಟಿಯಾಗಿತ್ತು. ಹರಿಯಲಿಲ್ಲ. ಜೋರಾಗಿ ಎಳೆದಳು. ಪ್ಯಾಕೆಟ್ ಮಧ್ಯಕ್ಕೆ ಸೀಳಿ ಪುಡಿ ಭಗ್ಗನೆ ಅವಳ ಬಾಯಿಗೆ, ಮೂಗಿಗೆ, ಕೊರಳಿಗೆ ಹಾರಿತು. ಕೆಮ್ಮಿದಳು, ಉಗಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು.

“ಥೂ, ಹೊಲಸು ನಾತ!” ಎಂದು ನಕ್ಕಳು. ನಾನೂ ನಕ್ಕೆ. ಆ ನಗು ವಿಡಿಯೊದಲ್ಲಿ ಕೇಳಿಸುತ್ತದೆ.

ಅವಳು ಬಾಯಿಯಲ್ಲಿದ್ದ ಎಲೆ ಅಡಿಕೆಯನ್ನು ಉಗಿಯಲಿಲ್ಲ. ತಂಬಾಕಿನ ಖಾರದಲ್ಲಿ ಔಷಧದ ರುಚಿ ಎಷ್ಟು ಗೊತ್ತಾಯಿತೋ, ಎಷ್ಟು ನುಂಗಿದಳೋ ತಿಳಿಯದು. ಕಾಲುವೆಯಿಂದ ಇನ್ನೊಂದು ಕೊಡ ನೀರು ತಂದಳು. ನಾನು ಬದುವಿನ ಮೇಲೆ ಕುಳಿತು ವಿಡಿಯೊಕ್ಕೆ ಹಾಡು ಜೋಡಿಸುತ್ತಿದ್ದೆ.

ಸುಮಾರು ಇಪ್ಪತ್ತು ನಿಮಿಷವಾಗಿರಬೇಕು. ಹುಲಿಗೆಮ್ಮ ಬದುವಿನ ಮೇಲೆ ಕುಕ್ಕರಿಸಿ ಪದೇ ಪದೇ ಉಗಿಯುತ್ತಿದ್ದಳು. ಕೆಂಪು ಜೊಲ್ಲು ಗದ್ದಕ್ಕೆ ಇಳಿಯುತ್ತಿತ್ತು. ಎಲೆ ಅಡಿಕೆ ಹಾಕುವವರು ಉಗಿಯುವುದು ಇದ್ದದ್ದೇ, ಯಾರೂ ಗಮನಿಸಲಿಲ್ಲ.

“ಏನಬೇ, ತಂಬಾಕು ಜಾಸ್ತಿ ಆತೇನು?” ಎಂದರು ಪಂಪಾಪತಿ.

“ಯಾಕೋ ಹೊಟ್ಟಿ ತೊಳಸ್ತೈತಿ ಪಂಪಣ್ಣ. ಕಣ್ಣು ಮಂಜ ಆಗೇತಿ.”

“ಬಿಸಲು. ನೆಳ್ಳಾಗ ಕುಂದ್ರು.”

ನೆರಳಿಗೆ ಹೋಗಲು ಎದ್ದವಳು ತೂಗಾಡಿದಳು. ನಾನು ಕೈ ಹಿಡಿದೆ. ಮೈ ಬೆವರಿನಿಂದ ತೊಯ್ದಿತ್ತು, ಆದರೆ ಕೈ ತಣ್ಣಗಿತ್ತು. ತೋಳಿನ ಮಾಂಸ ಚರ್ಮದ ಕೆಳಗೆ ಹುಳ ಹರಿದಂತೆ ಮಿಡಿಯುತ್ತಿತ್ತು. ಆಗ ಮೊದಲ ಸಲ ನನಗೆ ಆ ಮೂರನೆಯ ಪ್ಯಾಕೆಟ್ ನೆನಪಾಯಿತು.

ಪಕ್ಕದ ಗದ್ದೆಯಿಂದ ಬಂದ ಹೆಂಗಸೊಬ್ಬಳು, “ಉಪ್ಪಿನ ನೀರು ಕುಡಿಸಿ ವಾಂತಿ ಮಾಡಿಸ್ರಿ,” ಎಂದಳು. ಕುಡಿಸಬೇಕೋ ಬಾರದೋ ನನಗೆ ಗೊತ್ತಿರಲಿಲ್ಲ. ಕಿರಣ್ ಸರ್‌ಗೆ ಫೋನ್ ಮಾಡಿದೆ.

“ಏನೂ ಕುಡಿಸಬ್ಯಾಡ್ರಿ. ಜಲ್ದಿ ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ,” ಎಂದರು. ಆಮೇಲೆ, “ರೇಣುಕಾ, ಆ ಟ್ರಯಲ್ ಪ್ಯಾಕೆಟ್ ಮಾತ್ರ ಅಲ್ಲಿ ತೋರಿಸಬ್ಯಾಡ. ಎಣ್ಣಿ ತಾಗೇತಿ ಅಂತ ಹೇಳು, ಸಾಕು,” ಎಂದರು.

ಆಂಬುಲೆನ್ಸಿಗೆ ಫೋನ್ ಮಾಡಿದರೆ ಬರಲು ಹೊತ್ತಾಗುತ್ತದೆ ಎಂದು ತಿಳಿಯಿತು. ಪಂಪಾಪತಿ ಬೈಕ್ ತೆಗೆದರು. ನಡುವೆ ಹುಲಿಗೆಮ್ಮ, ಹಿಂದೆ ನಾನು ಅವಳನ್ನು ತಬ್ಬಿ ಹಿಡಿದು. ಕಾಲುವೆ ದಂಡೆಯ ರಸ್ತೆ, ಗುಂಡಿ ಬಂದಾಗಲೆಲ್ಲ ಅವಳ ತಲೆ ನನ್ನ ಭುಜಕ್ಕೆ ಬಡಿಯುತ್ತಿತ್ತು. ನಾನು ಏನಾದರೂ ಮಾತಾಡಿಸುತ್ತಲೇ ಇದ್ದೆ. ಮೊದಮೊದಲು ಹ್ಞೂಂ ಎನ್ನುತ್ತಿದ್ದಳು. ಆಮೇಲೆ ಹ್ಞೂಂ ಎನ್ನುವುದೂ ನಿಂತಿತು. ಅವಳ ಎದೆ ಗೊರಗೊರ ಎನ್ನುವುದು ನನ್ನ ಕೈಗೆ ತಿಳಿಯುತ್ತಿತ್ತು. ಆ ಆರು ಕಿಲೋಮೀಟರನ್ನು ನಾನು ಆಮೇಲೆ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಪ್ರತಿ ಸಲವೂ ಕೈ ತಾನಾಗಿ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತದೆ.

ಕಂಪ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಅವಳ ಸೀರೆ ತೆಗೆಸಿ, ಸೋಪು ನೀರಿನಿಂದ ಮುಖ ಮೈ ತೊಳೆಸಿದರು. ವೈದ್ಯೆ ಟಾರ್ಚ್ ಹಾಕಿ ಕಣ್ಣು ನೋಡಿದರು. ಪಾಪೆ ಸಾಸಿವೆ ಕಾಳಿಗಿಂತ ಚಿಕ್ಕದಾಗಿತ್ತು.

“ಯಾವ ಔಷಧ?” ಎಂದು ನನ್ನನ್ನು ಕೇಳಿದರು.

ನಾನು ಬ್ರಾಂಡಿನ ಹೆಸರು ಹೇಳಿದೆ.

“ಅದು ಅಂಗಡಿ ಹೆಸರು. ಒಳಗೆ ಏನಿದೆ?”

ನನಗೆ ಗೊತ್ತಿರಲಿಲ್ಲ. ಏಳು ವಾರ ಆ ಔಷಧದ ಬೆಲೆ, ಬಣ್ಣ, ಎದುರಾಳಿ ಕಂಪನಿಗಳ ಮಾರಾಟ, ಯಾವ ಊರಿನಲ್ಲಿ ಎಷ್ಟು ಅಂಗಡಿ ಎಂಬುದನ್ನೆಲ್ಲ ಬಾಯಿಪಾಠ ಮಾಡಿದ್ದೆ. ಕವರಿನ ಒಳಗೆ ಏನಿದೆ ಎಂದು ಒಂದು ದಿನವೂ ಓದಿರಲಿಲ್ಲ.

“ನೀವು ಕಂಪನಿಯವರಲ್ವಾ?” ವೈದ್ಯೆಯ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. “ಲಕ್ಷಣ ನೋಡಿ ಇಂಜೆಕ್ಷನ್ ಶುರು ಮಾಡ್ತೀನಿ. ಆದರೆ ಎಲ್ಲ ಕೀಟನಾಶಕಕ್ಕೂ ಒಂದೇ ಮದ್ದಲ್ಲ. ಮುಂದಿನದನ್ನು ತೀರ್ಮಾನ ಮಾಡೋಕೆ ನನಗೆ ಹೆಸರು ಬೇಕು. ಪ್ಯಾಕೆಟ್ ಇದೆಯಾ?”

ಹೊರಡುವಾಗ ಪಂಪಾಪತಿಯವರ ಕಟ್ಟಿನಿಂದ ಎತ್ತಿಕೊಂಡಿದ್ದ ಒಂದು ಪ್ಯಾಕೆಟ್ ನನ್ನ ಚೀಲದಲ್ಲಿತ್ತು. ತೋರಿಸಬ್ಯಾಡ ಎಂದ ದನಿ ಕಿವಿಯಲ್ಲಿತ್ತು. ಹಾಸಿಗೆಯ ಮೇಲೆ ಹುಲಿಗೆಮ್ಮನ ಕಾಲು ನಡುಗುತ್ತಿತ್ತು. ನಾನು ಎಷ್ಟು ಹೊತ್ತು ನಿಂತೆನೋ. ಎರಡು ಕ್ಷಣವೇ ಇರಬಹುದು. ಆದರೆ ಆ ಎರಡು ಕ್ಷಣಗಳನ್ನು ಮರೆಯಲು ನನಗೆ ಆಗಿಲ್ಲ. ನನ್ನ ಕೆಲಸವೋ ಅವಳೋ ಎಂದು ನಿಜವಾಗಿಯೂ ಯೋಚಿಸಿದ್ದೆನೇ? ಯೋಚಿಸಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ.

ಪ್ಯಾಕೆಟ್ ತೆಗೆದುಕೊಟ್ಟೆ. ವೈದ್ಯೆ ಮುಂದೆ ನೋಡಿದರು, ಭತ್ತದ ತೆನೆ. ಹಿಂದೆ ನೋಡಿದರು, ಕ್ಯೂಆರ್ ಕೋಡ್. ತಮ್ಮ ಫೋನಿನಿಂದಲೇ ಸ್ಕ್ಯಾನ್ ಮಾಡಿದರು. ‘ನಮ್ಮ ಉತ್ಪನ್ನಕ್ಕೆ ಎಷ್ಟು ಸ್ಟಾರ್ ಕೊಡುತ್ತೀರಿ’ ಎಂದು ನಾನು ತಯಾರಿಸಿದ ಪುಟ ತೆರೆಯಿತು.

ಕಿರಣ್ ಸರ್‌ಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಆಗ ನೆನಪಾಯಿತು. ಮೊದಲ ವಾರ ಗೈಡ್ ಮೇಡಂ ಹೇಳಿದರೆಂದು ದೊಡ್ಡ ಪ್ಯಾಕೆಟ್ಟಿನ ಎರಡೂ ಬದಿಯ ಫೋಟೊ ತೆಗೆದಿದ್ದೆ. ವರದಿಗೆ ಮುಂದಿನ ಬದಿಯಷ್ಟೇ ಸೇರಿಸಿದ್ದೆ. ಫೋನಿನಲ್ಲಿ ಏಳು ವಾರದ ಫೋಟೊಗಳು: ಅಂಗಡಿಗಳು, ಬೋರ್ಡುಗಳು, ಹಂಪಿಯಲ್ಲಿ ಗೆಳತಿಯರೊಂದಿಗೆ ತೆಗೆದ ಸೆಲ್ಫಿಗಳು. ಅವಸರದಲ್ಲಿ ಬೇರೆ ಬೇರೆ ಫೋಟೊ ತೆರೆಯುತ್ತಿದ್ದವು. ಸಿಕ್ಕಿತು. ವೈದ್ಯೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ದೊಡ್ಡದು ಮಾಡಿ ಓದಿದರು. ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ವಿಷದ ಹೆಸರಿತ್ತು, ಅದಕ್ಕೆ ಪ್ರತಿಮದ್ದು ಏನೆಂದೂ ಇತ್ತು.

“ಸರಿ,” ಎಂದಷ್ಟೇ ಹೇಳಿ ನರ್ಸ್ ಕಡೆ ತಿರುಗಿದರು.

ಮಧ್ಯಾಹ್ನದ ಹೊತ್ತಿಗೆ ಜೊಲ್ಲು ನಿಂತು ಅವಳ ಬಾಯಿ ಒಣಗಿತು. ಮದ್ದು ಹಿಡಿಯುತ್ತಿರುವ ಲಕ್ಷಣ ಎಂದರು ವೈದ್ಯೆ. ಆಂಬುಲೆನ್ಸಿನಲ್ಲಿ ಬಳ್ಳಾರಿಗೆ ಕಳಿಸಿದರು, ಜೊತೆಗೆ ವಿಷದ ಹೆಸರು ಬರೆದ ಚೀಟಿ ಕೊಟ್ಟು. ಐದನೆಯ ದಿನ ಹುಲಿಗೆಮ್ಮ ಮನೆಗೆ ಬಂದಳು.

ಆದರೆ ಆ ದಿನ ನನಗೆ ಅದು ಗೊತ್ತಿರಲಿಲ್ಲ. ಆಂಬುಲೆನ್ಸ್ ಹೋದ ಮೇಲೆ ಆಸ್ಪತ್ರೆಯ ಗೇಟಿನಲ್ಲಿ ನಿಂತಾಗ ಹೊಳೆದದ್ದು ಬೇರೆ: ಇನ್ನೂ ಏಳು ಮನೆಗಳಲ್ಲಿ ಅದೇ ಪ್ಯಾಕೆಟ್ ಇದೆ. ನಿಂತಲ್ಲಿಂದಲೇ ಏಳು ಜನಕ್ಕೂ ಫೋನ್ ಮಾಡಿದೆ, ಬಳಸಬೇಡಿ, ಹಲ್ಲಿನಿಂದ ಹರಿಯಬೇಡಿ ಎಂದು. ಆಮೇಲೆ ಪಂಪಾಪತಿಯವರ ಬೈಕಿನ ಹಿಂದೆ ಕುಳಿತು ಮನೆ ಮನೆಗೆ ಹೋದೆ. ಉಳಿದ ಪ್ಯಾಕೆಟ್ ವಾಪಸ್ ಪಡೆದೆ. ಬಳಸಿ ಬಿಸಾಡಿದ ಖಾಲಿ ಕವರುಗಳನ್ನೂ ಬದುಗಳಲ್ಲಿ ಹುಡುಕಿ, ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಆರಿಸಿದೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಬಹಳಷ್ಟರ ಮೂಲೆಯಲ್ಲಿ ಹಲ್ಲಿನ ಗುರುತಿತ್ತು. ಪುಟ್ಟ ಅರ್ಧಚಂದ್ರಗಳು, ಸಾಲಾಗಿ. ಕೆಲವಕ್ಕೆ ಎಲೆ ಅಡಿಕೆಯ ಕೆಂಪು.

ಒಂದು ಮನೆಯ ಅಜ್ಜಿ ನನ್ನ ಗಾಬರಿ ನೋಡಿ ಹೇಳಿದಳು, “ಹಲ್ಲಿಲೆ ಅಲ್ದ ಇನ್ಯಾತರಲೆ ಹರೀಬೇಕವ್ವ? ಗದ್ಯಾಗ ಕತ್ರಿ ಇಟ್ಕೊಂಡಿರ್ತಾರೇನು?”

ನಾನು ಅಡ್ಡಗೆರೆ ಎಳೆದ ಹನ್ನೊಂದನೆಯ ಪ್ರಶ್ನೆಗೆ ಉತ್ತರ ಅದಾಗಿತ್ತು.

ಕಿರಣ್ ಸರ್ ಮರುದಿನ ಡಿಪೋಕ್ಕೆ ಕರೆಸಿದರು. ಕೆಟ್ಟವರೆಂದು ಹೇಳಲಾರೆ. ರಾತ್ರಿಯಿಡೀ ನಿದ್ದೆ ಮಾಡಿರದ ಮುಖ. ಹುಲಿಗೆಮ್ಮನ ಖರ್ಚು ಕಂಪನಿ ನೋಡಿಕೊಳ್ಳುತ್ತದೆ, ಪ್ಯಾಕೆಟ್ ನಿಲ್ಲಿಸುತ್ತೇವೆ ಎಂದರು. ಎರಡೂ ಮಾತನ್ನು ನಡೆಸಿಕೊಟ್ಟರು. ಆಮೇಲೆ ದನಿ ಇಳಿಸಿದರು.

“ವರದಿಯಾಗ ಬೆಲೆ, ಬಣ್ಣ, ಸೈಜು ಇಷ್ಟು ಬರಿ. ಆ ಹೆಣ್ಮಗಳ ವಿಷಯ ಬ್ಯಾಡ. ಉಳಕೊಂಡಾಳಲ್ಲ, ಏನೂ ಆಗಿಲ್ಲಲ್ಲ. ನಿನ್ನ ಆಫರ್ ಲೆಟರ್ ಟೈಪ್ ಆಗೇತಿ.”

ನಾನು ಹೂಂ ಎಂದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೂಂ ಎಂದೆ. ವರದಿಯನ್ನು ಅವರು ಹೇಳಿದಂತೆಯೇ ಬರೆದೆ. ಮುದ್ರಿಸಿ, ಸ್ಪೈರಲ್ ಬೈಂಡಿಂಗನ್ನೂ ಮಾಡಿಸಿದೆ.

ವೈವಾಕ್ಕೆ ಇನ್ನೂ ಒಂಬತ್ತು ದಿನ ಇತ್ತು. ಆ ದಿನಗಳಲ್ಲಿ ಒಂದು ಕಡೆ ಕೂರಲು ನನಗೆ ಆಗಲಿಲ್ಲ. ಬಟ್ಟೆ ಒಗೆಯುತ್ತಿದ್ದೆ, ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದೆ. ವಿಡಿಯೊ ನೋಡುತ್ತಿದ್ದೆ. ಅದು ಒಂದು ನಿಮಿಷ ಹನ್ನೆರಡು ಸೆಕೆಂಡ್. ನಲವತ್ತನೆಯ ಸೆಕೆಂಡಿಗೆ ‘ಇದೊಂದು ನನಗೋಸ್ಕರ’ ಎನ್ನುವ ನನ್ನ ದನಿ. ಅಲ್ಲಿಗೆ ನಿಲ್ಲಿಸಿ ಹಿಂದಕ್ಕೆ ಓಡಿಸುತ್ತಿದ್ದೆ, ಹಿಂದಕ್ಕೆ ಓಡಿಸಿದರೆ ಆ ಮಾತು ಬಾರದೇನೋ ಎಂಬಂತೆ. ಅವ್ವ ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಿಂದ ಕಚ್ಚಿದಾಗ ಕಿರುಚಿಬಿಟ್ಟೆ.

ಅಪ್ಪ ಮೊದಲ ಪಾಳಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದರು. “ಏನಾಗೇತಿ ನಿನಗ?” ಎಂದರು. ಮೂರನೆಯ ಪ್ಯಾಕೆಟ್ಟಿನ ಮಾತು ಬಿಟ್ಟು ಉಳಿದದ್ದೆಲ್ಲ ಹೇಳಿದೆ.

ಅಪ್ಪ ಏಳನೆಯ ತರಗತಿ ಓದಿದವರು. ಕಾರ್ಖಾನೆಯ ಒಂದು ಪದ್ಧತಿಯ ಬಗ್ಗೆ ಹೇಳಿದರು. ಮೇಲಿನಿಂದ ಸ್ಪ್ಯಾನರ್ ಬಿತ್ತು, ಯಾರ ತಲೆಯ ಮೇಲೂ ಬೀಳಲಿಲ್ಲ ಎಂದಿಟ್ಟುಕೊಳ್ಳಿ. ಅದನ್ನೂ ಬರೆಯಬೇಕು. ಅದಕ್ಕೆ ‘ನಿಯರ್ ಮಿಸ್’ ಎನ್ನುತ್ತಾರೆ, ಅಂದರೆ ಕೂದಲೆಳೆಯಲ್ಲಿ ತಪ್ಪಿದ ಅಪಘಾತ. ಮರುದಿನ ಪಾಳಿಗೆ ಮುಂಚೆ ಎಲ್ಲರನ್ನೂ ನಿಲ್ಲಿಸಿ ಅದನ್ನು ಓದುತ್ತಾರೆ.

“ನಾನೂ ಒಮ್ಮೆ ಬರದೀನಿ,” ಎಂದರು ಅಪ್ಪ. “ಬೋಲ್ಟು ಬಿಗಿ ಮಾಡೋದು ಮರ್ತಿದ್ದೆ. ನನ್ನ ಹೆಸರು ಹಾಕೇ ಬರದೆ. ಎಲ್ಲಾರೂ ನಕ್ರು. ನಗ್ಲಿ. ಸತ್ತವನದು ಪೊಲೀಸ್ರು ಬರೀತಾರ, ಉಳಕೊಂಡವನದು ನಾವೇ ಬರೀಬೇಕು. ಇಲ್ಲಾಂದ್ರ ಮುಂದಿನ ಸ್ಪ್ಯಾನರು ಯಾರ ತಲಿ ಮ್ಯಾಲೆ ಬೀಳತೈತೋ ಯಾರಿಗ್ಗೊತ್ತು.”

“ಕೆಲಸ ಹೋಗತೈತಪ್ಪ.”

ಅವರು ಬೂಟಿನ ಲೇಸು ಸುತ್ತಿಟ್ಟರು. ಆ ಕೆಲಸದ ಮೇಲೆ ಅವರಿಗೂ ಆಸೆ ಇತ್ತು. “ಹೋಗತೈತಿ,” ಎಂದರು. ಅಷ್ಟೇ.

ಮರುದಿನ ಹುಲಿಗೆಮ್ಮನ ಮನೆಗೆ ಹೋದೆ. ಕಂಪ್ಲಿಯ ಅಂಚಿನಲ್ಲಿ ತಗಡಿನ ಮನೆ. ಸೊರಗಿದ್ದಳು, ಆದರೆ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು.

“ಬಾರವ್ವ ಬಿಳೇ ಬೂಟು! ಎಲ್ಲಿ, ಇವತ್ತು ಸಿನಿಮಾ ಇಲ್ಲೇನು?”

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ಬಹಳ ಹೊತ್ತು ಏನೇನೋ ಮಾತಾಡಿದೆ. ಕೊನೆಗೆ, ಯಾರಿಗೂ ಹೇಳದಿದ್ದುದನ್ನು ಹೇಳಿದೆ. ಎರಡು ಪಂಪಿಗೆ ಎರಡೇ ಪ್ಯಾಕೆಟ್ ಸಾಕಿತ್ತು, ಮೂರನೆಯದನ್ನು ಹರಿಸಿದ್ದು ಬರೀ ವಿಡಿಯೊಕ್ಕೆ, ಹೆಸರು ಕಾಣಲೆಂದು.

ಅವಳ ಕೈ ಮೊರದಲ್ಲೇ ನಿಂತಿತು.

“ನನಗೂ ಅನಿಸಿತ್ತು, ಮೂರನೇದು ಯಾಕಂತ. ಇನ್ನೊಂದಿಷ್ಟು ಕೇಳಬೇಕಾಗಿತ್ತು. ಆದ್ರ ನೀ ಓದಿದಾಕಿ, ನಿನಗ ಗೊತ್ತಿರತೈತಿ ಅಂದ್ಕೊಂಡೆ.”

ಬೈಯಲಿಲ್ಲ. ಮತ್ತೆ ಅಕ್ಕಿ ಆರಿಸತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಕೂಗಿ ಚಹಾ ಇಡಲು ಹೇಳಿದಳು. ನಾನು ಆ ಚಹಾ ಹೇಗೆ ಕುಡಿದೆನೋ ಈಗ ನೆನಪಿಲ್ಲ.

ಬೈಂಡಿಂಗ್ ಬಿಚ್ಚಿದೆ. ಹೊಸದಾಗಿ ಹದಿನಾಲ್ಕು ಪುಟ ಬರೆದೆ. ಅಡ್ಡಗೆರೆ ಎಳೆದ ಪ್ರಶ್ನಾವಳಿಯ ಪ್ರತಿ, ಹಲ್ಲಿನ ಗುರುತಿನ ಕವರುಗಳ ಫೋಟೊ, ಕಚ್ಚು ಇಲ್ಲದ ಅಂಚು, ಲೇಬಲ್ ಇರಬೇಕಾದಲ್ಲಿ ಕೂತಿದ್ದ ಕ್ಯೂಆರ್ ಕೋಡ್, ಮೂರನೆಯ ಪ್ಯಾಕೆಟ್, ಪ್ಯಾಕೆಟ್ ತೋರಿಸಬೇಡ ಎಂಬ ಫೋನು, ಆಸ್ಪತ್ರೆಯಲ್ಲಿ ನಾನು ಕೊಡಲಾಗದ ಉತ್ತರ. ಕಿರಣ್ ಸರ್‌ಗೆ ಒಂದು ಪ್ರತಿ ನಾನೇ ಕೊಂಡುಹೋಗಿ ಕೊಟ್ಟೆ. ಅವರು ನಿಂತೇ ಓದಿದರು. “ನಿನ್ನ ಜಾಗದಾಗ ನಾನಿದ್ರ ಬರೀತಿರಲಿಲ್ಲ,” ಎಂದರು. ಆಫರ್ ಲೆಟರ್ ಬರಲಿಲ್ಲ. ಅವ್ವ ಓಣಿಯಲ್ಲಿ ಆ ಮಾತು ಎತ್ತುವುದನ್ನು ನಿಲ್ಲಿಸಿದಳು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಫೋಟೊಗಳ ಪುಟದಲ್ಲಿ ಬಹಳ ಹೊತ್ತು ನಿಂತರು. ‘ಇದು ಮಾರ್ಕೆಟಿಂಗ್ ವರದಿಯೋ, ತಪ್ಪೊಪ್ಪಿಗೆಯೋ’ ಎಂದು ಕೇಳಿದರು. ಎರಡೂ ಎಂದೆ. ಗೈಡ್ ಮೇಡಂ ತಲೆ ತಗ್ಗಿಸಿ ಕುಳಿತಿದ್ದರು. ಆಮೇಲೆ ಹೊರಗೆ ಬಂದು, “ಒಂದು ಪುಟ ಅಂದಿದ್ದು ನಾನು,” ಎಂದರು. ಗೆರೆ ಎಳೆದದ್ದು ನಾನು ಎಂದೆ.

ಏಳು ತಿಂಗಳು ಕೆಲಸವಿಲ್ಲದೆ ಇದ್ದೆ. ಆಮೇಲೆ ಬಿತ್ತನೆ ಬೀಜ ಮಾರುವ ಬೇರೊಂದು ಕಂಪನಿಯಲ್ಲಿ ಫೀಲ್ಡ್ ಕೆಲಸ ಸಿಕ್ಕಿತು. ಹೊಸ ಪ್ಯಾಕೆಟ್, ಡಬ್ಬಿ, ಚೀಲ ಏನೇ ಬರಲಿ, ಮಾರುಕಟ್ಟೆಗೆ ಬಿಡುವ ಮುಂಚೆ ಹಳ್ಳಿಗಳಲ್ಲಿ ಪರೀಕ್ಷಿಸುವುದು ನನ್ನ ಕೆಲಸ. ವಿಷ ಸವರಿದ ಬೀಜದ ಪ್ಯಾಕೆಟ್ಟುಗಳೂ ಅದರಲ್ಲಿ ಇರುತ್ತವೆ. ಮೂರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ.

ಪ್ರಶ್ನಾವಳಿಯನ್ನು ಈಗ ಚೀಲದಿಂದ ಕೊನೆಗೆ ತೆಗೆಯುತ್ತೇನೆ. ಮೊದಲು ಮರಳು ತುಂಬಿದ ಪ್ಯಾಕೆಟ್ ತೆಗೆಯುತ್ತೇನೆ. ಗಂಡಸರ ಬೆಂಚು ದಾಟಿ ಗದ್ದೆಗೆ ಇಳಿಯುತ್ತೇನೆ, ಕೆಸರಿನ ಕೈಗೆ ಅದನ್ನು ಕೊಡುತ್ತೇನೆ. ಅವರು ನನ್ನ ಮುಖ ನೋಡುತ್ತಾರೆ, ಇವಳಿಗೆ ಗೊತ್ತಿರುತ್ತದೆ ಎಂಬ ನೋಟ ಅದು. ಆ ನೋಟ ಕಂಡಾಗಲೆಲ್ಲ ಬೈಕಿನ ಮೇಲೆ ತಬ್ಬಿ ಹಿಡಿದ ಆ ಎದೆಯ ಗೊರಗೊರ ನನ್ನ ತೋಳಿಗೆ ಮರಳಿ ಬರುತ್ತದೆ. ನನ್ನ ವೃತ್ತಿ ನನಗೆ ಕಲಿಸಿದ್ದು ಒಂದೇ ಒಂದು ವಾಕ್ಯ. ಅದನ್ನು ಆಗ ಜೋರಾಗಿಯೇ ಹೇಳುತ್ತೇನೆ.

“ನನಗ ಗೊತ್ತಿಲ್ಲ ಅಕ್ಕಾ. ನೀವೇ ತೋರಿಸ್ರಿ.”